ಬೆರಳಳತೆಯಲ್ಲಿ ಜೈಸಲ್ಮೇರ್

ಜೈಸಲ್ಮೇರಿನ ಕಲ್ಲು ಚಿನ್ನದ ಬಣ್ಣದ್ದು ಎಂದು ಬರೆದವರೆಲ್ಲ ಅದನ್ನು ಸಂಜೆ ಐದರ ಮೇಲೆ ನೋಡಿದವರೇ ಇರಬೇಕು. ಜನವರಿಯ ಬೆಳಗ್ಗೆ ಏಳು ಗಂಟೆಗೆ, ಬಿಸಿಲು ಇನ್ನೂ ಗೋಡೆಗೆ ತಾಗದ ಹೊತ್ತಿನಲ್ಲಿ, ಅದು ನೆನೆಸಿಟ್ಟ ಕಡಲೆಬೇಳೆಯ ಬಣ್ಣಕ್ಕಿರುತ್ತದೆ. ಹತ್ತರ ಸುಮಾರಿಗೆ ಹಳದಿ ಬಿಚ್ಚಿಕೊಳ್ಳುತ್ತದೆ. ನಡುಮಧ್ಯಾಹ್ನ ಗೋಡೆಗಳೆಲ್ಲ ಬಿಳಿಚಿಕೊಂಡು, ಕೆತ್ತನೆಯ ನೆರಳುಗಳಷ್ಟೇ ಕಪ್ಪಗೆ, ಚೂಪಾಗಿ ಎದ್ದು ನಿಲ್ಲುತ್ತವೆ. ನಾಲ್ಕು ಕಳೆದ ಮೇಲೆ ಹೊಳಪು ಹೊರಗಿನಿಂದ ಬೀಳುತ್ತಿದೆಯೋ ಕಲ್ಲಿನ ಒಳಗಿನಿಂದ ಒಸರುತ್ತಿದೆಯೋ ಎಂದು ಅನುಮಾನ ಬರುವಂಥ ಗಳಿಗೆ. ಎಲ್ಲರೂ ಫೋಟೊ ತೆಗೆಯುವುದು ಆಗ. ತೆಗೆಯಲಿ, ಬೇಡವೆನ್ನಲಾರೆ. ಆದರೆ ಒಂಟೆಯ ಮೇಲೆ ಕೂತು, ಕೋಟೆಯನ್ನು ದೂರದಿಂದ ಕಣ್ತುಂಬಿಕೊಂಡು ಹೊರಟುಬಂದವರಿಗೆ ಈ ಊರಿನ ಅರ್ಧ ರುಚಿಯೂ ಸಿಕ್ಕಿರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಬೆರಳಳತೆಯಲ್ಲಿ ನೋಡುವ ಊರು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರೇನೇ ಚೆಂದ.

ಹತ್ತಿರ ಹೋದರೆ ಮೊದಲು ಕಾಣುವುದು ಕಲ್ಲಿನ ಮೈ. ನುಣುಪು ಎನ್ನಲಾಗದು, ಒರಟೂ ಅಲ್ಲ. ಅಂಗೈ ಸವರಿದರೆ ಸಣ್ಣಗೆ, ಹಿತವಾಗಿ ತಡೆಯುವಂಥದ್ದು. ಅಲ್ಲಲ್ಲಿ ಚಿಪ್ಪಿನ ಚೂರುಗಳು, ಕಂದುಗೆಂಪು ಚುಕ್ಕೆಗಳು. ಸುಮಾರು 16 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದ ಕೆಸರು, ಮರಳು, ಸುಣ್ಣ, ಸತ್ತ ಜೀವಿಗಳ ಚಿಪ್ಪು ಒಟ್ಟಾಗಿ ಗಟ್ಟಿಯಾಗಿ, ಕಬ್ಬಿಣದ ಅಂಶ ಬೆರೆತು ಹಳದಿಯಾಗಿ, ಈ ಕಲ್ಲಾಗಿದೆ. ಭೂವಿಜ್ಞಾನಿಗಳು ಈ ಪದರಗಳಿಗೆ ಇಟ್ಟ ಹೆಸರುಗಳು ನನಗೆ ಬಲು ಇಷ್ಟ: ಒಂದು ಪದರಕ್ಕೆ ಕುಲಧರಾ, ಒಂದಕ್ಕೆ ಬಡಾ ಬಾಗ್, ಇನ್ನೊಂದಕ್ಕೆ ನೇರವಾಗಿ ಕೋಟೆಯದೇ ಹೆಸರು. ನೀರಿಗಾಗಿ ಹಪಹಪಿಸುವ ಊರು ಸಮುದ್ರದ ತಳದಿಂದಲೇ ಮನೆ ಕಟ್ಟಿಕೊಂಡಿದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಗೋಡೆ ಸವರಿ ನೋಡಿ, ಕೈ ತಾನಾಗಿ ನಿಧಾನವಾಗುತ್ತದೆ. ಹತ್ತಿರದ ಹಾಬೂರಿನ ಕಲ್ಲಿನಲ್ಲಂತೂ ಚಿಪ್ಪುಗಳು ಇಡಿಯಾಗಿಯೇ ಕಾಣುತ್ತವೆ. ಆ ಕಲ್ಲಿನ ಬಟ್ಟಲಿಗೆ ಹಾಲು ಹೊಯ್ದಿಟ್ಟರೆ ಹೆಪ್ಪು ಹಾಕದೆಯೇ ಮೊಸರಾಗುತ್ತದೆ ಎಂದು ಅಂಗಡಿಯವರು ಆಣೆಯಿಟ್ಟು ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಬಟ್ಟಲು ಮಾತ್ರ ಬಿಟ್ಟುಬರಲಾಗಲಿಲ್ಲ, ಅಷ್ಟು ಚೆಂದದ ಕಡು ಕಂದು.

ಒಬ್ಬನೇ ಹೋಗಿದ್ದೆ. ಜೊತೆಗಾರರ ಮೇಲೆ ನನಗೆ ದ್ವೇಷವೇನಿಲ್ಲ, ಆದರೆ ಒಂದೇ ಜಾಲಂಧ್ರದ ಮುಂದೆ ಅರ್ಧ ತಾಸು ನಿಂತರೆ ಪಕ್ಕದಲ್ಲಿ ಯಾರಾದರೂ ಗಡಿಯಾರ ನೋಡಿಕೊಳ್ಳದೆ ಇರುವುದಿಲ್ಲ. ಒಂಟಿ ತಿರುಗಾಟದಲ್ಲಿ ಆ ಮುಜುಗರವಿಲ್ಲ. ಹಸಿವಾದರೆ ಉಂಡರಾಯಿತು, ಬೇಸರವಾದರೆ ಕಟ್ಟೆಯ ಮೇಲೆ ಕೂತರಾಯಿತು.

ಬೆಳಗಿನ ಚಳಿಗೆ ಶಾಲು ಹೊದ್ದು ಗಡಿಸರ್ ಕೆರೆಯ ಏರಿಗೆ ಹೋದೆ. 14ನೇ ಶತಮಾನದಲ್ಲಿ ಮಹಾರಾವಲ್ ಗಡಸಿ ಸಿಂಗ್ ಕಟ್ಟಿಸಿದ ಕೆರೆ. ಮನೆಮನೆಗೆ ನಲ್ಲಿ ಬರುವವರೆಗೂ ಊರಿಗೆಲ್ಲ ಇದರದೇ ನೀರು. ನಡುನೀರಿನಲ್ಲಿ ಕಲ್ಲಿನ ಛತ್ರಿಮಂಟಪಗಳು, ದಡದಲ್ಲಿ ಸಣ್ಣ ಗುಡಿಗಳು, ಮೆಟ್ಟಿಲಿಗೆ ಬಂದು ಬಾಯಿ ತೆರೆಯುವ ದಪ್ಪ ದಪ್ಪ ಮೀಸೆಮೀನುಗಳು. ಕೆರೆಗೆ ಇಳಿಯುವ ಹೆಬ್ಬಾಗಿಲಿಗೆ ತೀಲೋನ್ ಕೀ ಪೋಲ್ ಎಂದು ಹೆಸರು. ತೀಲೋ ಎಂಬ ಗಣಿಕೆ ಕಟ್ಟಿಸಿದ್ದಂತೆ. ಅವಳು ಕಟ್ಟಿಸಿದ ಬಾಗಿಲ ಕೆಳಗೆ ಅರಸುಮನೆತನದವರು ಹಾಯುವುದು ಹೇಗೆಂದು ಗುಲ್ಲೆದ್ದಾಗ, ಮೇಲೊಂದು ದೇವರ ಗುಡಿ ಕಟ್ಟಿಸಿ ಯಾರೂ ಕೆಡವದಂತೆ ಮಾಡಿದಳಂತೆ. ಕಥೆಯನ್ನು ಹೇಳಿದ ಚಹಾದವನ ಮುಖದಲ್ಲಿ ಅವಳ ಜಾಣತನದ ಬಗ್ಗೆ ಎಂಥ ಅಭಿಮಾನ! ಶುಂಠಿ ಜಜ್ಜಿ ಹಾಕಿದ ಚಹಾ, ಮಣ್ಣಿನ ಕುಡಿಕೆಯಲ್ಲಿ. ಕುಡಿಕೆಯ ಅಂಚು ತುಟಿಗೆ ತಾಗಿದಾಗ ಮೊದಲು ಬರುವುದು ಒದ್ದೆ ಮಣ್ಣಿನ ವಾಸನೆ, ಆಮೇಲೆ ಹಾಲು, ಕೊನೆಗೆ ಶುಂಠಿಯ ಕಾವು.

ಕೋಟೆಯನ್ನು 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ. ಭಾಟಿ ರಜಪೂತರ ಹಳೆಯ ರಾಜಧಾನಿ ಲೋದ್ರವಾವನ್ನು ಬಿಟ್ಟು ಈ ತ್ರಿಕೂಟ ಗುಡ್ಡಕ್ಕೆ ಬಂದವನು ಅವನು. 99 ಬುರುಜುಗಳು ಗುಡ್ಡವನ್ನು ಸುತ್ತುವರಿದಿವೆ. ರಾಜಸ್ಥಾನದ ಇತರ ಐದು ಗಿರಿದುರ್ಗಗಳ ಜೊತೆಗೆ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದಕ್ಕೂ ಬಹಳ ಮೊದಲೇ, 1974ರಲ್ಲಿ, ಸತ್ಯಜಿತ್ ರಾಯ್ ‘ಸೋನಾರ್ ಕೆಲ್ಲಾ’ ಸಿನಿಮಾ ತೆಗೆದು ಇದನ್ನು ಬಂಗಾಳಿಗಳ ಮನೆಮಾತಾಗಿಸಿದ್ದರು. ಇವತ್ತಿಗೂ ಚಳಿಗಾಲದಲ್ಲಿ ಕಿವಿ ಮುಚ್ಚುವ ಉಣ್ಣೆ ಟೋಪಿಯ ಬಂಗಾಳಿ ಸಂಸಾರಗಳು ಗುಂಪುಗುಂಪಾಗಿ ಏರುತ್ತಿರುತ್ತವೆ. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂದು ನಾಲ್ಕು ಬಾಗಿಲು ದಾಟಬೇಕು. ದಾರಿ ತಿರುತಿರುಗಿ ಏರುತ್ತದೆ, ಶತ್ರುವಿನ ಆನೆ ನೇರ ನುಗ್ಗದಿರಲೆಂದು. ಹಾಸುಗಲ್ಲು ಎಂಟು ಶತಮಾನಗಳ ಕಾಲ್ತುಳಿತಕ್ಕೆ ಎಷ್ಟು ನಯವಾಗಿದೆಯೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕೆನಿಸುತ್ತದೆ, ನಡೆದೆ ಕೂಡ. ಕೊನೆಯ ಹವಾ ಪೋಲಿನ ಕೆಳಗೆ ಹೆಸರಿಗೆ ತಕ್ಕಂತೆ ಸದಾ ಗಾಳಿ. ಊರಿನ ಮುದುಕರು ಅಲ್ಲಿನ ಜಗಲಿ ಹಿಡಿದು ಕೂತಿರುತ್ತಾರೆ, ಬೇಸಿಗೆಯ ಮಧ್ಯಾಹ್ನವೂ ಅವರಿಗೆ ಅಲ್ಲೇ.

ಇದು ಖಾಲಿ ಕೋಟೆಯಲ್ಲ ಎಂಬುದೇ ದೊಡ್ಡ ಸೊಗಸು. ಒಳಗೆ ಸಾವಿರಾರು ಜನ ಬಾಳುತ್ತಿದ್ದಾರೆ. ಬಾಗಿಲ ಪಕ್ಕದ ಗೋಡೆಗೆ ಮದುವೆಯ ಗಣಪತಿಯನ್ನು ಬಣ್ಣದಲ್ಲಿ ಬರೆದು, ಕೆಳಗೆ ವಧೂವರರ ಹೆಸರು, ತಾರೀಖು ಕಾಣಿಸಿರುತ್ತಾರೆ. ಮನೆಮಂದಿಯೆಲ್ಲ ಬನ್ನಿ ಎಂಬ ಕರೆಯೋಲೆ ಗೋಡೆಯ ಮೇಲೆಯೇ. ಮಾಸಿದ ಗಣಪತಿ ಎಂದರೆ ಮದುವೆಯಾಗಿ ಬಹಳ ಕಾಲವಾಯಿತು ಎಂದರ್ಥ. ಇಷ್ಟು ಜನ ಇದ್ದಾರೆಂಬುದರಲ್ಲೇ ಕೋಟೆಯ ಕಷ್ಟವೂ ಇದೆ. ಒಣ ನಾಡಿಗೆಂದು ಕಟ್ಟಿದ ಗೋಡೆಗಳ ಬುಡಕ್ಕೆ ಈಗ ನಲ್ಲಿ, ಬಚ್ಚಲುಗಳ ನೀರು ಇಳಿಯುತ್ತಿದೆ. 1990ರ ದಶಕದ ಕೊನೆಗೆ ಕೆಲವು ಬುರುಜುಗಳು ಕುಸಿದೇ ಬಿದ್ದವು.

ಕೋಟೆಯೊಳಗಿನ ಜೈನ ಬಸದಿಗಳಿಗೆ ಬರೋಣ. ಇಲ್ಲಿ ಸ್ವಲ್ಪ ತಡೆಯಬೇಕು. ಒಂದರಿಂದೊಂದಕ್ಕೆ ಸಣ್ಣ ಓಣಿ, ಮೆಟ್ಟಿಲುಗಳಲ್ಲಿ ಹೆಣೆದುಕೊಂಡ ಏಳು ಗುಡಿಗಳು. ಪಾರ್ಶ್ವನಾಥ, ಚಂದ್ರಪ್ರಭ, ಸಂಭವನಾಥ, ಶೀತಲನಾಥ ಮುಂತಾದ ತೀರ್ಥಂಕರರದ್ದು. ಬೆಲ್ಟು, ಚರ್ಮದ ಚೀಲ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಶ್ರವಣಬೆಳಗೊಳ, ಮೂಡುಬಿದಿರೆಗಳ ದಿಗಂಬರ ಮೂರ್ತಿಗಳನ್ನು ನೋಡಿ ಬೆಳೆದ ನನ್ನ ಕಣ್ಣಿಗೆ ಇಲ್ಲಿನ ಶ್ವೇತಾಂಬರ ಜಿನಬಿಂಬಗಳು ಪ್ರತಿಸಲವೂ ಒಂದು ಕ್ಷಣ ತಬ್ಬಿಬ್ಬು ಮಾಡುತ್ತವೆ. ನಮ್ಮ ಬಸದಿಗಳಲ್ಲಿ ಜಿನ ಕಣ್ಣು ಅರೆಮುಚ್ಚಿ ತನ್ನೊಳಗೆ ಇಳಿದಿರುತ್ತಾನೆ. ಇಲ್ಲಿ ಹೊಳೆಯುವ ಕಣ್ಣು ಕೂರಿಸಿರುತ್ತಾರೆ. ಆತ ನಿಮ್ಮನ್ನೇ ನೋಡುತ್ತಾನೆ, ಅರೆಗತ್ತಲಲ್ಲಿ ಸಾಲಾಗಿ ಕೂತ ಹತ್ತಾರು ಜಿನರೂ ನೋಡುತ್ತಾರೆ.

ಪಾರ್ಶ್ವನಾಥನ ಗುಡಿಯ ಮುಂದಿನ ತೋರಣವೇ ಒಂದು ದಿನದ ಕೆಲಸ. ಎರಡು ಕಂಬಗಳ ನಡುವೆ ಅಲೆಅಲೆಯಾಗಿ ಬಾಗಿದ ಕಲ್ಲು, ಅದರ ಮೈತುಂಬ ಗಂಧರ್ವರು, ಯಕ್ಷಿಯರು, ಬಳ್ಳಿ, ಹಂಸ. ನಾನು ನೆಚ್ಚಿಕೊಂಡಿದ್ದು ಒಳಗೆ, ರಂಗಮಂಟಪದ ಗುಮ್ಮಟದ ಅಂಚಿಗೆ ಆತುಕೊಂಡ ಒಬ್ಬ ನರ್ತಕಿಯನ್ನು. ಬಲಗಾಲು ಎತ್ತಿ, ಬಾಗಿ, ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಾಳೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಬೆನ್ನ ಮೇಲಿನ ಜಡೆ ಆ ಬಾಗುವಿಕೆಗೆ ಕೊಂಚ ಪಕ್ಕಕ್ಕೆ ಜಾರಿದೆ. ಶಿಲ್ಪಿ ಅದನ್ನು ಮರೆತಿಲ್ಲ. ಮುಂಗೈಗೂ ಬಳೆಗೂ ನಡುವೆ ದಾರ ತೂರಿಸುವಷ್ಟು ಸಂದು ಬಿಡಿಸಿದ್ದಾನೆ. ಕೆಳಗಿನಿಂದ ನೋಡುವವರಿಗೆ ಆ ಸಂದು ಕಾಣುವುದೇ ಇಲ್ಲ. ನಾನು ಕಂಡದ್ದು ಮೇಲಿನ ಅಂತಸ್ತಿನ ಪಡಸಾಲೆಯಿಂದ, ಕತ್ತು ಚಾಚಿ. ಒಂಬತ್ತೂವರೆಯ ಬಿಸಿಲು ಎದುರಿನ ಕಂಡಿಯಿಂದ ಒಳಬಂದು, ಅವಳ ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ, ಒಂದೊಂದೇ ಗೇಣು ಏರುತ್ತಾ ಹೋಯಿತು. ಅದು ಮುಖ ತಲುಪುವವರೆಗೂ ಅಲ್ಲಿಂದ ಕದಲಲಿಲ್ಲ.

ಈ ಬಸದಿಗಳ ಬುಡದಲ್ಲಿ ಜ್ಞಾನಭಂಡಾರವಿದೆ. 15ನೇ ಶತಮಾನದಲ್ಲಿ ಆಚಾರ್ಯ ಜಿನಭದ್ರಸೂರಿ ಕಟ್ಟಿದ ಗ್ರಂಥಕೋಶ. ದಾಳಿಗಳಿಂದ ದೂರ, ಗಾಳಿಯಲ್ಲಿ ತೇವವಿಲ್ಲ, ಹಾಗಾಗಿ ಗೆದ್ದಲೂ ಬೂಸಲೂ ಕಡಿಮೆ. ಹಳೆಯ ಓಲೆಗಳನ್ನು ಕಾಪಿಡಲು ಮರುಭೂಮಿಗಿಂತ ಒಳ್ಳೆಯ ಕಪಾಟು ಎಲ್ಲಿ ಸಿಗಬೇಕು? ಸಾವಿರ ವರ್ಷದಷ್ಟು ಹಳೆಯ ತಾಳೆಯೋಲೆಗಳೂ ಇಲ್ಲಿವೆ. 1950ರ ಆಸುಪಾಸಿನಲ್ಲಿ ಮುನಿ ಪುಣ್ಯವಿಜಯಜೀ ಇಲ್ಲಿಗೆ ಬಂದು ಇಡೀ ಸಂಗ್ರಹವನ್ನು ಬಿಡಿಸಿ, ಒಪ್ಪಮಾಡಿ, ಪಟ್ಟಿ ಮಾಡಿಟ್ಟರು. ನೋಡಲು ಇಟ್ಟಿರುವುದು ಕೆಲವೇ ಕೆಲವು. ಗಾಜಿನ ಕೆಳಗಿನ ಒಂದು ಓಲೆಯ ಮುಂದೆ ಬಗ್ಗಿ ನಿಂತೆ. ನಮ್ಮ ಕಡೆ ಸಾಮಾನ್ಯವಾಗಿ ಉಕ್ಕಿನ ಕಂಟದಿಂದ ಓಲೆಯನ್ನು ಕೊರೆದು, ಮೇಲೆ ಮಸಿ ಸವರುತ್ತಿದ್ದರು. ಇಲ್ಲಿ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದಿದ್ದಾರೆ. ಆದ್ದರಿಂದ ಅಕ್ಷರಕ್ಕೆ ದಪ್ಪ, ಸಣ್ಣ ಎರಡೂ ಬಂದಿದೆ. ಗೆರೆ ಇಳಿಯುವಾಗ ಗುಂಡಗೆ, ತಿರುಗುವಾಗ ತೆಳ್ಳಗೆ. ದಾರ ಪೋಣಿಸುವ ತೂತಿನ ಸುತ್ತ ಚೌಕ ಬಿಟ್ಟು ಸಾಲು ಮುಂದುವರಿಸಿದ ಶಿಸ್ತು ನೋಡಬೇಕು: ದಾರ ಉಜ್ಜಿ ಒಂದಕ್ಷರವೂ ಅಳಿಯಬಾರದು ಎಂಬ ಮುನ್ನೆಚ್ಚರ. ಮಸಿ ಇನ್ನೂ ಕಪ್ಪಗೇ ಇದೆ.

ಹೊರಗೆ ಬಂದಾಗ ಹೊಟ್ಟೆ ತನ್ನ ಪಾಲು ಕೇಳತೊಡಗಿತ್ತು. ಕೋಟೆಯ ಬುಡದಲ್ಲಿ, ತಗಡಿನ ಮಾಡಿನ ಊಟದ ಮನೆಯೊಂದರಲ್ಲಿ ಕೇರ್ ಸಾಂಗ್ರಿ ಹೇಳಿದೆ. ಕೇರ್ ಎಂಬುದು ಎಲೆಯೇ ಇಲ್ಲದಂತೆ ಕಾಣುವ ಮುಳ್ಳುಪೊದೆಯ ಕಾಯಿ, ಬಟಾಣಿ ಗಾತ್ರದ್ದು. ಸಾಂಗ್ರಿ ಎಂಬುದು ಖೇಜಡಿ ಮರದ ಎಳೆಗೋಡು. ಖೇಜಡಿ ಯಾವುದೆಂದುಕೊಂಡಿರಿ? ನಮ್ಮ ಬನ್ನಿಯೇ. ವಿಜಯದಶಮಿಯ ದಿನ ಎಲೆ ಕಿತ್ತು, ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಕಾಲಿಗೆರಗುತ್ತೇವಲ್ಲ, ಅದೇ ಮರ. ನಾವು ಎಲೆಗೆ ಕೈಮುಗಿದು ಕಾಯಿಯನ್ನು ಮರೆತೆವು. ಮಾರವಾಡದವರು ಕಾಯಿಯನ್ನು ಬಿಸಿಲಿಗೆ ಒಣಗಿಸಿ ವರ್ಷಪೂರ್ತಿ ಉಣ್ಣುತ್ತಾರೆ, ಎಲೆಯನ್ನು ಮೇಕೆ ಒಂಟೆಗಳಿಗೆ ಹಾಕುತ್ತಾರೆ, ನೆರಳಲ್ಲಿ ಸಜ್ಜೆ ಬೆಳೆಯುತ್ತಾರೆ. ನಾನಿದ್ದಷ್ಟು ದಿನ ಬನ್ನಿಕಾಯಿಯನ್ನೇ ಉಂಡೆ ಎನ್ನಬಹುದು.

ಒಣಗಿದ ಕೇರ್, ಸಾಂಗ್ರಿಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಕಹಿ ಹೋಗುವವರೆಗೆ ನೀರು ಬದಲಿಸಿ ಬದಲಿಸಿ ತೊಳೆದು, ಬೇಯಿಸಿ, ಧಾರಾಳ ಎಣ್ಣೆಯಲ್ಲಿ ಓಮ, ಒಣಮೆಣಸಿನಕಾಯಿ, ಆಮ್‌ಚೂರ್ ಹಾಕಿ ಹುರಿಯುತ್ತಾರೆ. ತಟ್ಟೆಗೆ ಬಂದಾಗ ನೋಡಲು ಏನೂ ಅಲ್ಲ, ಕಂದು ಕಡ್ಡಿಗಳು, ಕಪ್ಪು ಗುಂಡುಗಳು. ಬಾಯಿಗಿಟ್ಟ ಮೇಲೆ ಗೊತ್ತಾಗುವುದು. ಸಾಂಗ್ರಿ ಹಲ್ಲಿಗೆ ಕೊಂಚ ಗಟ್ಟಿಯಾಗಿಯೇ ಸಿಕ್ಕಿ ಆಮೇಲೆ ಸೋಲುತ್ತದೆ. ಹೊಗೆಯಂಥ, ಒಣಹುಲ್ಲಿನಂಥ ಘಮ. ಅದರ ನಡುವೆ ಕೇರ್ ಪಟ್ಟೆಂದು ಒಡೆದು ಹುಳಿ ಚಿಮ್ಮುತ್ತದೆ, ಹಿಂದೆಯೇ ಸಾಸಿವೆಯಂಥ ಖಾರ. ಜೊತೆಗೆ ಸಜ್ಜೆ ರೊಟ್ಟಿ. ಉತ್ತರ ಕರ್ನಾಟಕದ ಸಜ್ಜೆ ರೊಟ್ಟಿಯ ತೆಳುವು ಇದಕ್ಕಿಲ್ಲ, ದಪ್ಪ, ಕೆಂಡದ ಮೇಲೆ ಕಂದಿದ್ದು. ನಡುವೆ ಬೆರಳಿನಿಂದ ಗುಳಿ ಮಾಡಿ ತುಪ್ಪ ಹೊಯ್ದು, ಬೆಲ್ಲದ ಉಂಡೆ ಇಟ್ಟು ಕೊಟ್ಟರು. ಬಡಿಸುತ್ತಿದ್ದ ಅಜ್ಜಿ ನಾನು ಉಣ್ಣುವ ರೀತಿ ನೋಡಿ, “ನಿಮ್ಮಲ್ಲೂ ಸಜ್ಜೆ ತಿನ್ನುತ್ತಾರೇನು ಭಾಯಿಸಾ?” ಎಂದರು. ತಿನ್ನುತ್ತಾರೆ ಎಂದೆ. “ಹಾಗಾದರೆ ಅಲ್ಲೂ ಮಳೆ ಕಡಿಮೆ” ಎಂದು ತಾವೇ ತೀರ್ಮಾನಿಸಿ, ಕೇಳದೆಯೇ ಇನ್ನೊಂದು ಮಿಳ್ಳೆ ತುಪ್ಪ ಸುರಿದರು.

ಬಿಸಿಲು ನೆತ್ತಿಯ ಮೇಲಿದ್ದಾಗ ಹವೇಲಿಗಳ ಓಣಿಗೆ ಹೋಗುವುದು ಜಾಣತನ. ಓಣಿ ಎಷ್ಟು ಇಕ್ಕಟ್ಟೆಂದರೆ ಎರಡೂ ಬದಿಯ ಜರೋಕಾಗಳು, ಅಂದರೆ ಗೋಡೆಯಿಂದ ಹೊರಚಾಚಿದ ಕಿಟಕಿಮಾಡಗಳು, ಮೇಲೆ ಒಂದಕ್ಕೊಂದು ತಲೆ ತಾಗಿಸುವಂತಿವೆ, ಕೆಳಗೆ ಸದಾ ನೆರಳು. ಪಟವೋನ್ ಕೀ ಹವೇಲಿಯನ್ನು ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ಜರಿ, ಬೆಳ್ಳಿ ಬಂಗಾರದ ವ್ಯಾಪಾರದಲ್ಲಿ ಗಳಿಸಿದ ಗುಮಾನ್ ಚಂದ್ ಪಟವಾ 1805ರಲ್ಲಿ ಶುರುಮಾಡಿಸಿ, ಐದು ಮಕ್ಕಳಿಗೆಂದು ಐದು ಹವೇಲಿಗಳಾಗಿ ಬೆಳೆದ ಮಹಾಕಟ್ಟಡ. ಮುಗಿಯಲು ಅರ್ಧ ಶತಮಾನವೇ ಹಿಡಿಯಿತು. ಮುಂಗಟ್ಟಿನ ತುಂಬ ಜರೋಕಾಗಳು, ಒಂದರ ಜಾಲಿಯಂತೆ ಇನ್ನೊಂದರದ್ದಿಲ್ಲ. ವೈಭವಕ್ಕೆ ಕಡಿಮೆಯೇನಿಲ್ಲ. ಆದರೂ ನನ್ನ ಮನಸ್ಸು ನಾಥಮಲ್ಲನ ಹವೇಲಿಯ ಕಡೆಗೇ.

1885ರಲ್ಲಿ ದಿವಾನ ನಾಥಮಲ್ಲನಿಗಾಗಿ ಇದನ್ನು ಕಟ್ಟಿದವರು ಹಾಥಿ ಮತ್ತು ಲಾಲೂ ಎಂಬ ಅಣ್ಣತಮ್ಮಂದಿರು. ಸಿಲಾವಟರು, ಅಂದರೆ ತಲೆಮಾರುಗಳಿಂದ ಕಲ್ಲು ಕಡೆಯುವ ಮುಸ್ಲಿಂ ಕುಶಲಕರ್ಮಿಗಳು. ಬಲಭಾಗ ಒಬ್ಬನದು, ಎಡಭಾಗ ಒಬ್ಬನದು. ದೂರದಿಂದ ಎರಡೂ ಒಂದೇ. ತೂಕ ಒಂದೇ, ಅಂತಸ್ತು ಒಂದೇ, ಕಮಾನುಗಳ ಲೆಕ್ಕ ಒಂದೇ. ಹತ್ತಿರ ಹೋಗಿ ಒಂದು ಕಿಟಕಿಯನ್ನು ಆರಿಸಿಕೊಂಡು ಅದರ ಜೋಡಿಯನ್ನು ಆ ಬದಿಯಲ್ಲಿ ಹುಡುಕಿ. ಈ ಕಡೆ ಹೂವಿಗೆ ಎಸಳು ಅಗಲ, ಆ ಕಡೆ ಚೂಪು. ಈ ಕಡೆಯ ಬಳ್ಳಿ ಕಂಬವನ್ನು ಸುತ್ತಿಕೊಂಡು ಏರಿದರೆ ಆ ಕಡೆಯದು ನೆಟ್ಟಗೆ ಎದ್ದು ತುದಿಯಲ್ಲಿ ಸುರುಳಿಯಾಗಿದೆ. ಒಬ್ಬನ ಕೈ ತುಸು ರಸಿಕ, ಇನ್ನೊಬ್ಬನದು ತುಸು ಗಂಭೀರ ಎಂದು ನನಗಂತೂ ಅನಿಸಿತು. ಯಾವುದು ಅಣ್ಣನದು ಎಂದು ಕೇಳಬೇಡಿ. ಓಣಿಯಲ್ಲಿ ಕೇಳಿದ ಇಬ್ಬರು ಎರಡು ಉತ್ತರ ಕೊಟ್ಟರು. ಬಾಗಿಲ ಎರಡೂ ಕಡೆ ಕಲ್ಲಿನ ಆನೆಗಳಿವೆ. ಗೋಡೆಯ ಮೇಲೆ ಕುದುರೆ ಸವಾರರು, ಹಕ್ಕಿಗಳ ನಡುವೆ ಒಂದು ಉಗಿಬಂಡಿಯೂ ಇದೆ, ಹೊಗೆ ಕೊಳವೆ ಸಮೇತ. ಊರಿಗೆ ರೈಲು ಬರಲು ಇನ್ನೂ ಹಲವು ದಶಕಗಳಿದ್ದ ಕಾಲವದು. ಯಾರೋ ಕಂಡವರು ಬಾಯಲ್ಲಿ ಹೇಳಿದ್ದನ್ನು ಕೇಳಿ ಕಡೆದದ್ದೆಂದು ಊರವರ ಮಾತು. ಚಕ್ರಗಳನ್ನು ನೋಡಿದರೆ ನಂಬಬಹುದು: ಅವು ಎಂಜಿನ್ನಿನ ಚಕ್ರಗಳೋ ಅರಳಿದ ಹೂಗಳೋ ಹೇಳುವುದು ಕಷ್ಟ.

ಈ ಕಟ್ಟಡಗಳ ಗುಟ್ಟು ಜೋಡಣೆಯಲ್ಲಿದೆ. ಮರ ಸಿಗದ ನಾಡಿನಲ್ಲಿ ಬಡಗಿಯ ವಿದ್ಯೆಯೆಲ್ಲ ಕಲ್ಲಿಗೆ ಬಂದಿದೆ. ನೀರು ದುಬಾರಿ, ಗಾರೆ ಕಲಸುವುದು ಹೇಗೆ? ಹಾಗಾಗಿ ಒಂದು ಕಲ್ಲಿನ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರುತ್ತದೆ, ಅಲ್ಲಲ್ಲಿ ಕಬ್ಬಿಣದ ಕೊಂಡಿ ಬಿಗಿಯುತ್ತದೆ. ಬೇಕಾದರೆ ಇಡೀ ಮನೆಯನ್ನು ಬಿಚ್ಚಿ ಬೇರೆ ಕಡೆ ಜೋಡಿಸಬಹುದು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಂದು ಜಾಲಿಯ ಸಂದಿಯಲ್ಲಿ ಉಗುರು ತೂರಿಸಲು ನೋಡಿದೆ, ಆಗಲಿಲ್ಲ. ಅದೇ ಜಾಲಿಯ ಒಳಗಡೆ ಹೋಗಿ ನಿಂತರೆ ಇನ್ನೊಂದು ಸುಖ. ಹೊರಗಿನ ಬೆಳಕು ಒಡೆದು ಚುಕ್ಕಿಚುಕ್ಕಿಯಾಗಿ ನೆಲಕ್ಕೆ ಬಿದ್ದಿರುತ್ತದೆ, ಸಣ್ಣ ತೂತುಗಳಲ್ಲಿ ನುಸುಳಿದ ಗಾಳಿ ಬಿರುಸಾಗಿ, ತಂಪಾಗಿ ಮುಖಕ್ಕೆ ತಾಗುತ್ತದೆ. ಗೋಡೆಯ ಕೆತ್ತನೆ ಕೂಡ ಬರಿಯ ಅಲಂಕಾರವಲ್ಲ. ಉಬ್ಬುತಗ್ಗುಗಳು ಒಂದರ ಮೇಲೊಂದು ನೆರಳು ಚೆಲ್ಲಿ ಗೋಡೆ ಕಾಯದಂತೆ ನೋಡಿಕೊಳ್ಳುತ್ತವೆ. ಇಷ್ಟು ಚೆಂದವಾಗಿ ಉಪಯೋಗಕ್ಕೆ ಬರುವ ಅಲಂಕಾರ ಅಪರೂಪ.

ಮೂರು ಗಂಟೆಗೆ ಜೀಪು ಹತ್ತಿದೆ. ಮರಳದಿಬ್ಬಗಳಿರುವ ಸಮ್‌ನ ರಸ್ತೆಯಿಂದ ಒಳಗೆ ತಿರುಗಿದರೆ ಕುಲಧರಾ. ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಊರು, 19ನೇ ಶತಮಾನದ ಆದಿಯಿಂದ ಖಾಲಿ. ದಿವಾನ ಸಾಲಿಂ ಸಿಂಗನ ಕಾಟಕ್ಕೆ 84 ಹಳ್ಳಿಗಳ ಜನ ಒಂದೇ ರಾತ್ರಿಯಲ್ಲಿ ಎದ್ದು ಹೋದರಂತೆ, ಶಾಪ ಹಾಕಿದರಂತೆ, ಈಗ ದೆವ್ವಗಳಿವೆಯಂತೆ. ದೆವ್ವಗಳ ಹೆಸರಲ್ಲಿ ಟಿಕೆಟ್ಟು ಚೆನ್ನಾಗಿ ಹೋಗುತ್ತದೆ. ನನ್ನ ಮಟ್ಟಿಗೆ ನೋಡತಕ್ಕದ್ದು ನೆಟ್ಟಗೆ ಹಾದ ಬೀದಿಗಳು, ಗಾರೆಯಿಲ್ಲದೆ ಪೇರಿಸಿದ ಗೋಡೆಗಳು ಮತ್ತು ಊರಾಚೆಯ ಖಡೀನ್.

ಖಡೀನ್ ಎಂದರೆ ಕಲ್ಲುನೆಲದ ಇಳಿಜಾರು ಮುಗಿಯುವಲ್ಲಿ ಅಡ್ಡಲಾಗಿ ಹಾಕಿದ ಉದ್ದನೆಯ ಮಣ್ಣಿನ ಒಡ್ಡು. ವರ್ಷಕ್ಕೆ 200 ಮಿಲಿಮೀಟರಿಗಿಂತಲೂ ಕಡಿಮೆ ಮಳೆ. ಅದೂ ಎರಡು ಮೂರು ಜೋರು ಸುರಿತಗಳಲ್ಲಿ ಮುಗಿದುಹೋಗುತ್ತದೆ. ಬಂಡೆನೆಲ ಕುಡಿಯದೆ ಬಿಟ್ಟ ನೀರೆಲ್ಲ ಹರಿದು ಬಂದು ಒಡ್ಡಿನ ಹಿಂದೆ ನಿಲ್ಲುತ್ತದೆ, ಜೊತೆಗೆ ಒಳ್ಳೆಯ ಮೆಕ್ಕಲುಮಣ್ಣೂ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಒಂದು ಹನಿ ನೀರು ಹಾಯಿಸದೆ ಬೆಳೆ ಕೈಗೆ ಬರುತ್ತದೆ. ಪಾಲೀವಾಲರು ಪಳಗಿಸಿದ ಈ ವಿದ್ಯೆ ಇವತ್ತಿಗೂ ಜಿಲ್ಲೆಯಲ್ಲಿ ನಡೆಯುತ್ತಿದೆ. ಅನುಪಮ್ ಮಿಶ್ರ ತಮ್ಮ ‘ರಾಜಸ್ಥಾನ್ ಕೀ ರಜತ್ ಬೂಂದೇ’ ಪುಸ್ತಕದಲ್ಲಿ ಈ ನಾಡಿನ ನೀರಿನ ಜಾಣ್ಮೆಯನ್ನು ಬರೆದಿದ್ದಾರೆ. ರಸ್ತೆಯ ಬದಿಗೆ ಜೀಪು ನಿಲ್ಲಿಸಿ ಒಂದು ಖಡೀನಿನ ಒಡ್ಡು ಹತ್ತಿದೆ. ಒಂದು ಕಡೆ ಕಣ್ಣು ಹಾಯುವಷ್ಟೂ ಬೂದುಹಳದಿ ಬಂಡೆ. ಇನ್ನೊಂದು ಕಡೆ ಮೊಣಕಾಲುದ್ದದ ಗೋಧಿ, ಬುಡದಲ್ಲಿ ಕಡಲೆಗಿಡ. ಎಂಥ ಹಸಿರು! ಮಲೆನಾಡಿನಲ್ಲಿ ಹಸಿರನ್ನು ಯಾರು ತಿರುಗಿ ನೋಡುತ್ತಾರೆ? ಇಲ್ಲಿ ಒಂದು ಎಕರೆ ಹಸಿರನ್ನು ನೋಡಲು ಜೀಪಿನ ಚಾಲಕನೂ ಇಳಿದು ಬಂದು ನಿಂತ. ಒಂದು ಕಡಲೆ ಚಿಗುರು ಚಿವುಟಿ ಬಾಯಿಗೆ ಹಾಕಿಕೊಂಡೆ, ಆ ಉಪ್ಪುಹುಳಿ ಎಲ್ಲಿ ಹೋದರೂ ಒಂದೇ.

ಸಮ್‌ನ ಮರಳದಿಬ್ಬಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇರೆಗಳ ಸಾಲು, ಧ್ವನಿವರ್ಧಕ, ಜೀಪುಗಳ ಓಟ. ಅದನ್ನು ಬಳಸಿ, ಒಂದು ಢಾಣಿಯ, ಅಂದರೆ ಪುಟ್ಟ ಹಟ್ಟಿಯ, ಆಚೆಗೆ, ಹೆಸರಿಲ್ಲದ ಸಣ್ಣ ದಿಬ್ಬವೊಂದರ ಬಳಿ ಇಳಿದುಕೊಂಡೆ. ಗಾಳಿ ಬರುವ ಮಗ್ಗುಲು ಓರೆಯಾಗಿ, ಗಟ್ಟಿಯಾಗಿ, ಗೆರೆಗೆರೆಯಾಗಿರುತ್ತದೆ; ನೆತ್ತಿ ದಾಟಿದರೆ ಆಚೆ ಮಗ್ಗುಲು ಕಡಿದು, ಸಡಿಲ. ಮರಳು ತನ್ನ ಭಾರಕ್ಕೆ ತಾನೇ ಜಾರದೆ ನಿಲ್ಲಬಲ್ಲ ಕೊನೆಯ ಓರೆ ಅದು, 33 ಡಿಗ್ರಿಯ ಆಸುಪಾಸು. ಅಂಚಿನಲ್ಲಿ ಒಂದು ಬೆರಳಿಟ್ಟರೆ ಸಾಕು, ಸಣ್ಣದೊಂದು ಜಾರು ಹೊರಟು, ಅಗಲವಾಗುತ್ತ ಬುಡದವರೆಗೂ ಇಳಿಯುತ್ತದೆ. ಮಗುವಿನಂತೆ ಅದನ್ನೇ ಮಾಡುತ್ತ ಕೂತೆ. ಕೈ ಹುಗಿದರೆ ಮೇಲಿನ ಎರಡಂಗುಲ ಬೆಚ್ಚಗೆ, ಒಳಗೆ ತಣ್ಣಗೆ. ಜೀರುಂಡೆಯೊಂದು ಹಾದ ಗುರುತು ಗೆರೆಗಳನ್ನು ಅಡ್ಡ ಹಾಯ್ದು, ಹೊಲಿಗೆ ಹಾಕಿದ ಹಾಗೆ, ಒಂದು ಸೇವಣ ಹುಲ್ಲಿನ ಬುಡದವರೆಗೂ ಹೋಗಿತ್ತು. ಹೊತ್ತು ಮುಳುಗಿದ ಹತ್ತೇ ನಿಮಿಷದಲ್ಲಿ ಚಳಿ ಹಿಡಿಯಿತು.

ರಾತ್ರಿ ಮಾಂಗಣಿಯಾರರ ಮನೆಯಂಗಳದಲ್ಲಿ. ಪರಿಚಯದವರೊಬ್ಬರು ಮೊದಲೇ ಮಾತಾಡಿಟ್ಟಿದ್ದರು. ಮಾಂಗಣಿಯಾರರು ತಲೆಮಾರುಗಳಿಂದ ಹಾಡಿಕೊಂಡು ಬಂದ ಮುಸ್ಲಿಮರು; ಅವರನ್ನು ಪೊರೆಯುವ ಯಜಮಾನರು ಬಹುಪಾಲು ರಜಪೂತ ಹಿಂದೂಗಳು. ಯಜಮಾನನ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಹಾಡಲು ಇವರೇ ಬರಬೇಕು. ಕೃಷ್ಣನ ಮೇಲೂ ದೇವಿಯ ಮೇಲೂ ಹಾಡುತ್ತಾರೆ, ಸೂಫಿ ಸಂತರ ಮೇಲೂ ಹಾಡುತ್ತಾರೆ. ಇಂಥ ಅಂಗಳಗಳಿಂದ ಈ ಸಂಗೀತವನ್ನು ಎತ್ತಿ ಲೋಕದ ವೇದಿಕೆಗೆ ಇಟ್ಟವರಲ್ಲಿ ಜಾನಪದ ವಿದ್ವಾಂಸ ಕೋಮಲ್ ಕೋಠಾರಿ ಮೊದಲಿಗರು. ಹಮೀರಾ ಗ್ರಾಮದ ಸಾಕರ್ ಖಾನ್ ಅವರಿಗೆ ಕಮಾಯಚಾ ಎಂಬ ಬಿಲ್ಲಿನ ವಾದ್ಯದ ನುಡಿಸಾಣಿಕೆಗಾಗಿ 2012ರಲ್ಲಿ ಪದ್ಮಶ್ರೀ ಬಂತು. ಮರುವರ್ಷ ಅವರು ತೀರಿಕೊಂಡರು. ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿಯೇ ನನಗೆ ಈ ಹುಚ್ಚು ಹತ್ತಿದ್ದು.

ಆ ಮನೆಯ ಹಿರಿಯ ಖಾನ್‌ಸಾಹೇಬರು ಬಟ್ಟೆ ಬಿಚ್ಚಿ ಕಮಾಯಚಾ ಹೊರತೆಗೆದರು. ಒಂದೇ ಮಾವಿನ ದಿಮ್ಮಿಯಲ್ಲಿ ಕೊರೆದ ದುಂಡು ಹೊಟ್ಟೆ, ಮೇಲೆ ಬಿಗಿದ ಮೇಕೆಯ ಚರ್ಮ, ಮೂರು ದಪ್ಪ ಕರುಳಿನ ತಂತಿಗಳು, ಅವುಗಳ ಪಕ್ಕದಲ್ಲಿ ತಾವಾಗಿ ಮಿಡಿಯುವ ಸಪೂರ ಉಕ್ಕಿನ ತಂತಿಗಳ ಸಾಲು. ಚಳಿಗೆ ಚರ್ಮ ಸಡಿಲವಾಗಿತ್ತು. ವಾದ್ಯವನ್ನು ಬೆಂಕಿಗೆ ಹತ್ತಿರ ಹಿಡಿದು, ಉಗುರಿನಿಂದ ತಟ್ಟಿ ನೋಡಿ, ಇನ್ನೂ ಸ್ವಲ್ಪ ಎಂದು ತಲೆಯಲ್ಲಾಡಿಸಿ, ಮತ್ತೆ ಹಿಡಿದರು. ಅವಸರವೇ ಇಲ್ಲ. ಆಮೇಲೆ ಉದ್ದನೆಯ ಬಿಲ್ಲನ್ನು ತಂತಿಯ ಮೇಲಿಟ್ಟರು.

ಪಿಟೀಲಿನ ಸಾಫು, ಸಾರಂಗಿಯ ಅಳು ಎರಡೂ ಇದರದ್ದಲ್ಲ. ದನಿ ಎದೆಯಿಂದ ಬರುತ್ತದೆ. ಮೊದಲು ಕರುಳಿನ ತಂತಿಯ ಒರಟು, ಕುದುರೆಕೂದಲು ಅದನ್ನು ಕಚ್ಚುವ ಸಣ್ಣ ಸದ್ದು; ಆ ಒರಟಿನ ಹಿಂದಿನಿಂದ, ತಡವಾಗಿ, ಒಂದೊಂದಾಗಿ ಎಚ್ಚೆತ್ತುಕೊಳ್ಳುವ ಉಕ್ಕಿನ ತಂತಿಗಳ ಝೇಂಕಾರ; ಬಿಲ್ಲು ತಿರುಗುವಲ್ಲಿ ಅರೆಕ್ಷಣದ ಬಿಡುವು; ಆ ಬಿಡುವಿನಲ್ಲೂ ನಿಲ್ಲದೆ ಚರ್ಮದೊಳಗೆ ಸುಳಿಯುತ್ತಲೇ ಇರುವ ಷಡ್ಜ. ಮಾಂಡ್ ರಾಗ ಎತ್ತಿಕೊಂಡಿದ್ದರು. ನಮ್ಮ ಕಛೇರಿಗಳ ಕೊನೆಯಲ್ಲಿ, ಮಂಗಳಕ್ಕೆ ಮೊದಲು, ಹಗುರವಾಗಿ ಹಾಡಿಬಿಡುವ ಅದೇ ಮಾಂಡ್. ಅಲ್ಲಿ ಅದು ಊಟದ ಮೇಲಿನ ಎಲೆಯಡಿಕೆ. ಇಲ್ಲಿ ಅದೇ ಊಟ. ಪ್ರತಿ ಸ್ವರವನ್ನೂ ಓರೆಯಾಗಿ ಹತ್ತಿ, ಒಂದಕ್ಕೆ ಹೋಗುವ ಮೊದಲು ಹಿಂದಿನದನ್ನು ಇನ್ನೊಮ್ಮೆ ಸವರಿ, ಸುತ್ತುದಾರಿಯಲ್ಲಿ ಮೇಲಿನ ಸಾ ಮುಟ್ಟಿದಾಗ ನನ್ನ ಬಾಯಿಂದ ತಾನಾಗಿ “ವಾಹ್” ಹೊರಬಿತ್ತು. ಖಾನ್‌ಸಾಹೇಬರು ಕಣ್ಣು ತೆರೆಯದೆಯೇ ನಕ್ಕು, ಅದನ್ನೇ ಇನ್ನೊಮ್ಮೆ, ಇನ್ನೂ ಸಾವಕಾಶವಾಗಿ, ನನಗೆಂದೇ ನುಡಿಸಿದರು. ಹೋಟೆಲುಗಳಲ್ಲೆಲ್ಲ ಕೇಳಿ ಸಾಕಾಗಿದ್ದ ‘ಕೇಸರಿಯಾ ಬಾಲಮ್’ ಹಾಡಲೆ ಎಂದು ಕೇಳಿದಾಗ ಬೇಡವೆನ್ನಲು ಬಾಯಿ ತೆರೆದಿದ್ದೆ; ಸದ್ಯ, ಅನ್ನಲಿಲ್ಲ. ಅವರ ಸಡಿಲ, ಒಡಕು ಗಂಟಲಿನಲ್ಲಿ ಅದು ಯಾರೂ ಹಾಡದ ಹಾಡಿನಂತಿತ್ತು.

ಅಷ್ಟರಲ್ಲಿ ಮೊಮ್ಮಗನಿಗೆ ತಾಳ್ಮೆ ಮುಗಿದಿತ್ತು. ಹನ್ನೆರಡು ಹದಿಮೂರರ ಹುಡುಗ, ಎರಡೂ ಕೈಯಲ್ಲಿ ಜೋಡಿ ಜೋಡಿ ಶೀಷಂ ಹಲಗೆಗಳು. ಅದೇ ಖಡತಾಲ್. ಗೆಜ್ಜೆಯಿಲ್ಲ, ಕೊಂಡಿಯಿಲ್ಲ, ಬರಿಯ ನಾಲ್ಕು ಮರದ ತುಂಡು. ಅದರಲ್ಲಿ ಅವನು ಮೊದಲು ಮಳೆ ಹನಿಸಿದ, ಆಮೇಲೆ ಕುದುರೆ ಓಡಿಸಿದ, ಆಮೇಲೆ ಢೋಲಕ್ ಹಿಡಿದಿದ್ದ ಚಿಕ್ಕಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದ. ಚಿಕ್ಕಪ್ಪ ಬಿಟ್ಟಾರೆಯೆ? ಅವರು ಬಾರಿಸಿದ್ದನ್ನು ಇವನು ಕೈ ಮೇಲೆತ್ತಿ ಇಮ್ಮಡಿ ವೇಗದಲ್ಲಿ ತಿರುಗಿ ಕೊಟ್ಟ. ಇವನದನ್ನು ಅವರು ಎಡಗೈಯೊಂದರಲ್ಲೇ ಮುಗಿಸಿ ಬಲಗೈಯಿಂದ ಮೀಸೆ ತಿರುವಿದರು. ಅಂಗಳದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮೂರು ಸಲ ಬಾರಿಸಿ ಮುಗಿಸುವ ತಿಹಾಯಿ ಯಾರದು ಮೊದಲು ಸಮಕ್ಕೆ ಬಿತ್ತು ಎಂಬುದರ ಮೇಲೆ ಇಬ್ಬರಿಗೂ ಜಗಳ ಹತ್ತಿ, ಪಂಚಾಯಿತಿಗೆ ನನ್ನನ್ನೇ ಕೂರಿಸಿದರು. ನಾನು ಹುಡುಗನ ಪಕ್ಷ ಹೇಳಿದ್ದೇ ತಡ, ಚಿಕ್ಕಪ್ಪ ಒಪ್ಪದೆ ಢೋಲಕ್ಕನ್ನು ಮತ್ತೆ ತೊಡೆಯ ಮೇಲೆಳೆದುಕೊಂಡರು. ಖಾನ್‌ಸಾಹೇಬರು ಬಿಲ್ಲು ಕೆಳಗಿಟ್ಟು ಬೀಡಿ ಹಚ್ಚಿಕೊಂಡರು. ಅವರಿಬ್ಬರೂ ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ.